ಮೂರನೇದು ಸಸ್ತಾ

ಜಾಳಿಗೆಗೆ ಸಿಕ್ಕಿದ್ದನ್ನು ಎಳೆದು ಹಾಕುವುದು ರಾಚವ್ವನ ಕೆಲಸ. ಮುಂಬೈಯ ಜೋಗೇಶ್ವರಿಯ ಆಚೆ, ಸಮುದ್ರದ ನೀರು ಒಳಗೆ ಬರುವ ಖಾಡಿಯ ದಂಡೆಯಲ್ಲಿ, ಊರಿನ ಹೇಲುನೀರೆಲ್ಲ ಬಂದು ಸೇರುವ ಪ್ಲಾಂಟು ಅದು. ನೀರು ಒಳಗೆ ನುಗ್ಗುವ ಬಾಯಿಗೆ ಕಬ್ಬಿಣದ ಸರಳುಗಳ ಜಾಳಿಗೆ. ಬಿಲ್ಡಿಂಗಿನವರು, ಚಾಳಿನವರು ಸಂಡಾಸಿನಲ್ಲಿ ಕೂತು ಏನೇನು ಬಿಡುತ್ತಾರೋ ಅದೆಲ್ಲ ಅಲ್ಲಿಗೆ ಬಂದು ತಗಲುತ್ತದೆ. ಚಿಂದಿ, ಪ್ಲಾಸ್ಟಿಕ್ಕು, ಮುಟ್ಟಿನ ಬಟ್ಟೆ, ಮಕ್ಕಳ ಡೈಪರು, ಸತ್ತ ಇಲಿ. ಒಮ್ಮೆ ಒಂದು ಕೂಸು ಬಂದಿತ್ತು. ಅದನ್ನೂ ಅವಳೇ ಎಳೆದಳು.

ಉದ್ದ ಕೋಲಿನ ಹಲುಬೆ. ಬಗ್ಗಿ ಹಾಕಬೇಕು, ಎದೆಗೆ ಒತ್ತಿ ಜಗ್ಗಬೇಕು. ಸೊಂಟ ಸಂಜೆಗೆ ಸೆಟೆದು ಹೋಗುತ್ತದೆ. ಉಗುರಿನ ಸಂದಿಯ ಕಪ್ಪು ಯಾವ ಸಾಬೂನಿಗೂ ಹೋಗುವುದಿಲ್ಲ. ಅವಳು ಊಟವನ್ನು ಚಮಚದಿಂದ ಮಾಡುತ್ತಾಳೆ. ಶೋಕಿಗಲ್ಲ. ಕೈ ಬಾಯಿಯ ಹತ್ತಿರ ಬಂದರೆ ಜಾಳಿಗೆಯ ವಾಸನೆ ಬರುತ್ತದೆ.

ಜಾಳಿಗೆಯ ಹಿಂದೆ ಒಂದು ಆಳದ ಗುಂಡಿ. ನೀರಿನ ಜೊತೆ ಬಂದ ಉಸುಕೆಲ್ಲ ಅಲ್ಲಿ ಕೂರುತ್ತದೆ. ಅದನ್ನು ತೆಗೆಯದಿದ್ದರೆ ಪಂಪು ಕಟ್ಟಿಕೊಳ್ಳುತ್ತದೆ. ತೆಗೆಯಬೇಕಾದರೆ ಮನುಷ್ಯ ಇಳಿಯಬೇಕು. ಇಳಿಸಬಾರದೆಂದು ಕಾನೂನಿದೆ. ಗೇಟಿನ ಗೋಡೆಯ ಮೇಲೆ ಹಿಂದಿ ಮರಾಠಿ ಎರಡರಲ್ಲೂ ಬರೆಸಿದ್ದಾರೆ. ಆ ಗೇಟಿನ ಒಳಗೇ ರಾಚವ್ವನ ಗಂಡ ಈರಣ್ಣ ಇಳಿದ. ಕೆಳಗೆ ಗ್ಯಾಸಿತ್ತು. ಬುಟ್ಟಿ ಮೇಲೆ ಬಂತು, ಅವನು ಬರಲಿಲ್ಲ. ಪ್ಲಾಂಟಿನ ಕೆಲಸದ ಗುತ್ತಿಗೆ ಹಿಡಿದ ಠೇಕೇದಾರ ಅವನ ಜಾಗಕ್ಕೆ ಮಗ ಸಂತುವನ್ನು ತೆಗೆದುಕೊಂಡ. ಹೆಂಡತಿಯನ್ನು ಜಾಳಿಗೆಗೆ ಹಚ್ಚಿದ. ಪ್ಲಾಂಟಿನ ಹಿಂದಿನ ತಗಡಿನ ಖೋಲಿಯಲ್ಲೇ ಇರಿ ಎಂದ. ಇದಕ್ಕೆ ಅವನು ಉಪಕಾರ ಎಂದು ಹೆಸರಿಟ್ಟ.

ಪ್ಲಾಂಟು ಸುಧಾರಿಸುತ್ತಾರೆ ಎಂಬ ಸುದ್ದಿ ತಂದವನು ಸಂತು.

"ಅವ್ವಾ, ಮಷೀನು ಬರ್ತಾವಂತ. ಸಾಹೇಬ್ರು ನೋಡಾಕ ಬಂದಾರ."

ಬಂದವನು ಕೇಶವಮೂರ್ತಿ. ಸಲಹೆ ಕೊಡುವ ಕಂಪನಿಯ ದೊಡ್ಡ ಇಂಜಿನಿಯರು. ಹುಟ್ಟಿದ್ದು ಮೈಸೂರು, ಇರುವುದು ಸಾಂತಾಕ್ರೂಜಿನ ಸೊಸೈಟಿಯಲ್ಲಿ. ಜೊತೆಗೆ ವಿಜೇತಾ ಎಂಬ ಹುಡುಗಿ, ಅವನ ಕೈಕೆಳಗಿನವಳು, ಮುಂಬೈಯಲ್ಲೇ ಬೆಳೆದವಳು. ಇಬ್ಬರ ಮೂಗಿಗೂ ಮಾಸ್ಕು. ತಾಯಿ ಮಗ ಮಾತಾಡುವುದು ಕಿವಿಗೆ ಬಿದ್ದು ಕೇಶವಮೂರ್ತಿ ತಿರುಗಿದ.

"ಓ, ಕನ್ನಡದವರಾ ನೀವು? ಯಾವ ಕಡೆಯವರು?"

"ವಿಜಾಪೂರ ಕಡೆಯವ್ರೀ. ಇಂಡಿ ತಾಲೂಕು."

"ಒಳ್ಳೇದಾಯ್ತು. ಇಲ್ಲಿ ಕನ್ನಡ ಕೇಳೋದೇ ಅಪರೂಪ. ನೀವು ಯಾವ ಪೈಕಿ?"

ಆ ಪ್ರಶ್ನೆ ಮುಂಬೈಗೂ ಬರುತ್ತದೆಂದು ರಾಚವ್ವನಿಗೆ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಮಾದರ್ರೀ."

"ಹೌದಾ. ಸರಿ." ಅವನು ಪ್ಲಾಂಟಿನ ಕಡೆ ನೋಡಿದ. "ನೀನು ಎಷ್ಟು ವರ್ಷದಿಂದ ಇದೀಯ ಇಲ್ಲಿ?"

ನೀವು ನೀನಾಗಲು ಒಂದು ಮಾತು ಸಾಕಾಯಿತು. ಅವನಿಗೆ ಅದು ತಿಳಿಯಲೂ ಇಲ್ಲ. ಕೆಟ್ಟವನಂತೇನೂ ಕಾಣಲಿಲ್ಲ ಅವನು. ಕೇಳಿದ್ದಕ್ಕೆ ಸಾವಕಾಶವಾಗಿ ಹೇಳಿದ. ಮೂರು ದಾರಿಗಳಿವೆಯಂತೆ. ಮೂರಕ್ಕೂ ಹದಿನೈದು ವರ್ಷಕ್ಕೆ ಖರ್ಚೆಷ್ಟೆಂದು ತೆಗೆದು, ಒಂದರ ಪಕ್ಕ ಒಂದಿಟ್ಟು ಮೇಲಿನವರಿಗೆ ತೋರಿಸುವುದು ಅವನ ಕೆಲಸವಂತೆ.

"ಮೊದಲನೇದು, ಪೂರ್ತಿ ಮಷೀನು. ಜಾಳಿಗೆನೂ ಅದೇ ಬಾಚುತ್ತೆ, ಮರಳನ್ನೂ ಅದೇ ಎತ್ತುತ್ತೆ. ಯಾರೂ ಇಳಿಯೋ ಹಾಗಿಲ್ಲ. ಎರಡನೇದು, ಜಾಳಿಗೆಗೆ ಮಾತ್ರ ಮಷೀನು, ಮರಳಿಗೆ ಬಾಡಿಗೆ ಗಾಡಿ. ಮೂರನೇದು, ಗೋಡೆ ರಿಪೇರಿ, ಹೊಸ ಪಂಪು. ಮಿಕ್ಕಿದ್ದೆಲ್ಲ ಈಗಿನ ಹಾಗೇ."

"ಈಗಿನ ಹಂಗ ಅಂದ್ರ?"

"ಈಗಿನ ಹಾಗೇ," ಎಂದ ಕೇಶವಮೂರ್ತಿ. ಸಂತುವಿನ ಕಡೆ ಒಂದು ಸಲ ನೋಡಿ ಕಣ್ಣು ತೆಗೆದ.

ಮುಕಾದಮ ಕಾಶಿನಾಥ ನಡುವೆ ಬಂದ. ಠೇಕೇದಾರನ ಮನುಷ್ಯ, ಬೆಳಗಾವಿಯವನು. "ಸಾಹೇಬ, ಗುಂಡಿ ಮಾಪು ತಗೋಬೇಕು ಅಂದಿದ್ರಿ. ಸಂತ್ಯಾ ತಯಾರದಾನ."

ರಾಚವ್ವನ ಕೈಯಲ್ಲಿ ಹಲುಬೆ ನಿಂತಿತು.

"ನೋಡಮ್ಮ," ಎಂದ ಕೇಶವಮೂರ್ತಿ. "ಒಳಗೆ ಎಷ್ಟು ಮರಳು ಕೂತಿದೆ ಅಂತ ಗೊತ್ತಾಗದೆ ಮಷೀನಿನ ಸೈಜು ಹೇಳೋಕಾಗಲ್ಲ. ಸೈಜಿಲ್ಲದೆ ರೇಟಿಲ್ಲ. ರೇಟಿಲ್ಲದೆ ಮೊದಲನೇ ಆಯ್ಕೆ ಪೇಪರಿನ ಮೇಲೇ ಬರಲ್ಲ."

"ಅಳ್ಯಾಕ ಮಷೀನ್ ಇಲ್ಲೇನ್ರಿ?"

"ಇದೆ. ಸರ್ವೆಯ ಕರಾರಿನಲ್ಲಿ ಅದು ಬರಲ್ಲ."

ಯಾರೂ ಇಳಿಯದ ಹಾಗೆ ಮಾಡಬೇಕಾದರೆ ಒಬ್ಬ ಇಳಿಯಬೇಕು. ರಾಚವ್ವ ಇದನ್ನು ತಲೆಯಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೇಗೆ ತಿರುಗಿಸಿದರೂ ಇಳಿಯುವವನು ಅವಳ ಮಗನೇ.

"ಇದೊಂದ ಸಲ ಅವ್ವಾ," ಎಂದ ಸಂತು. ಅಂಗಿ ಆಗಲೇ ಕಳಚಿದ್ದ. "ಆಮ್ಯಾಲೆ ಯಾರೂ ಇಳ್ಯಾಂಗಿಲ್ಲ."

ಪಂಪು ನಿಲ್ಲಿಸಿದರು. ಚಡ್ಡಿಯ ಮೇಲೆ ಸಂತು ಇಳಿದ. ಕಾಲಿಂದ ಸೊಂಟ, ಸೊಂಟದಿಂದ ಹೆಗಲು, ಆಮೇಲೆ ತಲೆಯೂ ಕಾಣಲಿಲ್ಲ. ವಿಜೇತಾ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದವಳು ವಾಸನೆ ತಡೆಯಲಾರದೆ ಆಚೆ ಹೋಗಿ ನಿಂತಳು. ರಾಚವ್ವ ಗುಂಡಿಯ ಬಾಯಿಗೆ ಬಗ್ಗಿ ಮಗನ ಹೆಸರು ಕರೆಯುತ್ತಲೇ ಇದ್ದಳು. ಅವನು ಓ ಎನ್ನುತ್ತಿದ್ದ. ಒಂದು ಸಲ ತಡವಾಗಿ ಓ ಎಂದ.

ಮೇಲೆ ಬಂದಾಗ ಅವನ ಕಣ್ಣು ಕೆಂಡವಾಗಿದ್ದವು. ಕೂತು ವಾಂತಿ ಮಾಡಿದ. ಬಾಯಿ ಒರೆಸಿಕೊಂಡು, "ಎದಿಮಟ ಐತ್ರಿ ಉಸುಕು," ಎಂದ. ವಿಜೇತಾ ಬರೆದುಕೊಂಡಳು. ತನ್ನ ನೀರಿನ ಬಾಟಲಿ ಕೊಟ್ಟಳು. ಅವನು ಕುಡಿದು ತಿರುಗಿ ಚಾಚಿದಾಗ ಕೈ ಹಿಂದೆ ತೆಗೆದಳು.

"ಇಟ್ಕೊಳ್ಳಿ. ನೋ ಪ್ರಾಬ್ಲೆಮ್."

ಮುಂದಿನ ದಿನಗಳಲ್ಲಿ ಸಂತು ಬೇರೆಯವನೇ ಆದ. ಮೊಬೈಲಿನಲ್ಲಿ ಉಸುಕೆತ್ತುವ ಮಷೀನಿನ ವಿಡಿಯೋ ನೋಡುತ್ತಿದ್ದ. ತಾಯಿಗೂ ತೋರಿಸುತ್ತಿದ್ದ. ಒಬ್ಬ ಮನುಷ್ಯ ಗಾಜಿನ ಕೋಣೆಯಲ್ಲಿ ಕೂತು ಬಟನ್ ಒತ್ತುತ್ತಾನೆ, ಕೆಳಗೆ ಲೋಹದ ಬಕೆಟ್ಟುಗಳು ಸಾಲಾಗಿ ಉಸುಕು ತರುತ್ತವೆ. "ಇಲ್ಲಿ ಕುಂದ್ರಾವ ನಾನಽ," ಎಂದ. ಮೈವಾಸನೆಗೆ ಹೆದರಿ ಅವನಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಗಾಜಿನ ಕೋಣೆಯಲ್ಲಿ ಕೂರುವವನಿಗೆ ಕೊಟ್ಟಾರು ಎಂದು ರಾಚವ್ವ ಲೆಕ್ಕ ಹಾಕಿದಳು. ಅವಳೂ ನಂಬಿದಳು. ನಂಬಿದ್ದಕ್ಕೆ ಮುಂದೆ ತನ್ನನ್ನೇ ಬೈದುಕೊಂಡಳು.

ಮೇ ತಿಂಗಳಲ್ಲಿ ಮೀಟಿಂಗಾಯಿತು, ಪ್ಲಾಂಟಿನ ಆಫೀಸಿನಲ್ಲೇ. ಕಾಶಿನಾಥ ಬೆಳಿಗ್ಗೆಯೇ ರಾಚವ್ವನಿಂದ ನೆಲಕ್ಕೆ ಫಿನಾಯಿಲ್ ಹೊಡೆಸಿದ. ಮೂಲೆಮೂಲೆಗೆ ಊದುಬತ್ತಿ ಹಚ್ಚಿಸಿದ. ಚಹಾ ಕೊಡಲು ಬೇರೆಯವರನ್ನು ಕರೆಸಿದ. "ನೀ ಹೊರಗ ಥಾಂಬ್, ಒಳಗ ಬರಬ್ಯಾಡ," ಎಂದ. ಅವಳು ಬಾಗಿಲಾಚೆ ಬಕೆಟ್ಟಿನ ಪಕ್ಕ ಕೂತಳು. ಒಳಗೆ ಹಿಂದಿಯಲ್ಲಿ ಮಾತು ನಡೆದಿತ್ತು. ಇಷ್ಟು ವರ್ಷ ಮುಂಬೈಯಲ್ಲಿದ್ದವಳಿಗೆ ಹಿಂದಿ ಬರುತ್ತಿತ್ತು.

ತೆರೆದ ಬಾಗಿಲಿನಿಂದ ಕಾಣುವ ಗೋಡೆಯ ಮೇಲೆ ಮೂರು ದಾರಿಗಳ ಖರ್ಚಿಗೆ ಮೂರು ಕಂಬಗಳ ಚಿತ್ರ ಬಿತ್ತು. ಕೆಂಪು, ಹಳದಿ, ಹಸಿರು. ಕೆಂಪು ಕಂಬ ಮೇಲೆ ಮಾಳಿಗೆ ಮುಟ್ಟುವಷ್ಟು ಎತ್ತರ. ಹಳದಿ ಅದಕ್ಕಿಂತ ತುಸು ಗಿಡ್ಡ. ಹಸಿರು ಅವೆರಡರ ಮೊಣಕಾಲಿಗೆ ಬರುತ್ತಿತ್ತು.

ಪಾಲಿಕೆಯಿಂದ ಬಂದಿದ್ದ ದೊಡ್ಡ ಸಾಹೇಬ ಕೆಂಪು ಕಂಬದ ಕಡೆ ಬೆರಳು ಮಾಡಿದ. ಇದು ಮೊದಲು ಇಷ್ಟು ಎತ್ತರ ಇರಲಿಲ್ಲವಲ್ಲ ಎಂದು ಕೇಳಿದ. ಕೇಶವಮೂರ್ತಿ ವಿಜೇತಾಳಿಗೆ ಕಣ್ಣಿನಲ್ಲೇ ಸನ್ನೆ ಮಾಡಿದ. ವಿಜೇತಾ ಎದ್ದು ಹೇಳಿದಳು. ಅಳತೆ ತೆಗೆದ ಮೇಲೆ ಮರಳು ಅಂದಾಜಿಗಿಂತ ಬಹಳ ಹೆಚ್ಚು ಕಂಡಿತು. ಹಾಗಾಗಿ ಮಷೀನು ದೊಡ್ಡದು ಬೇಕು. ಬುನಾದಿಯೂ ದೊಡ್ಡದು. ಎರಡನೆಯದಕ್ಕೂ ಗಾಡಿಯ ಟ್ರಿಪ್ಪು ಹೆಚ್ಚಾಯಿತು.

"ಮತ್ತೆ ಮೂರನೇದು?"

"ಅದು ಹಾಗೇ ಇದೆ ಸರ್. ಲೇಬರ್ ಕಾಂಟ್ರ್ಯಾಕ್ಟು ಒಟ್ಟು ಮೊತ್ತದ ಮೇಲೆ. ಮರಳು ಎಷ್ಟೇ ಇದ್ದರೂ ದರ ಅದೇ."

"ತೀನ್ ನಂಬರ್ ಠೀಕ್ ಹೈ," ಎಂದ ದೊಡ್ಡ ಸಾಹೇಬ. ಬಿಸ್ಕೀಟು ಚಹಾದಲ್ಲಿ ಅದ್ದಿದ.

ರಾಚವ್ವನಿಗೆ ಮೊದಲು ಕೇಳಿಸಿದ್ದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅವಳ ಮಗ ಎದೆಮಟ್ಟ ಹೇಲಿನಲ್ಲಿ ನಿಂತು ನಿಜ ಹೇಳಿದ್ದ. ಆ ನಿಜಕ್ಕೆ ಮಷೀನು ತುಟ್ಟಿಯಾಯಿತು. ಅವನು ಸಸ್ತಾ ಆಗಿಯೇ ಉಳಿದ.

ಅವಳು ಎದ್ದು ಒಳಗೆ ಹೋದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಒದ್ದೆ ಹೆಜ್ಜೆ ನೆಲದ ಮೇಲೆ ಮೂಡಿದವು. ಕಾಶಿನಾಥ ಕುರ್ಚಿಯಿಂದ ಎದ್ದ. ಅವಳು ಅವನ ಕಡೆ ನೋಡಲಿಲ್ಲ. ಕೇಶವಮೂರ್ತಿಯ ಮುಂದೆ ನಿಂತಳು.

"ಸಾಹೇಬ್ರ, ಆ ಹಸಿರು ಕಂಬದಾಗ ಇಳ್ಯಾವ ಸತ್ರ, ಅದರ ಖರ್ಚು ಎಲ್ಲಿ ಹಾಕೀರಿ?"

"ಆಮೇಲೆ ಮಾತಾಡೋಣಮ್ಮ. ಈಗ ಹೊರಗಿರು."

"ಈಗ ಹೇಳ್ರಿ."

ದೊಡ್ಡ ಸಾಹೇಬ ಏನಂತೆ ಎಂದು ಕೇಳಿದ. ಕೇಶವಮೂರ್ತಿ ಹಿಂದಿಯಲ್ಲಿ, ಈ ಹೆಂಗಸು ಮಷೀನು ಬೇಕೆಂದು ವಿನಂತಿ ಮಾಡುತ್ತಿದ್ದಾಳೆ ಎಂದ.

"ನಾ ವಿನಂತಿ ಮಾಡಿಲ್ಲ," ಎಂದಳು ರಾಚವ್ವ. ಈ ಸಲ ಹಿಂದಿಯಲ್ಲೇ. "ಸತ್ತರೆ ಖರ್ಚು ಎಲ್ಲಿ ಹಾಕಿದ್ದೀರಿ ಅಂತ ಕೇಳಿದೆ."

ವಿಜೇತಾ ತಲೆ ತಗ್ಗಿಸಿ, ತಡೆದು ತಡೆದು ಕನ್ನಡದಲ್ಲಿ ಹೇಳಿದಳು. "ಆಂಟಿ, ಅದು... ಆಕ್ಚುಲಿ ಬೇರೆ ಹೆಡ್ ಇಲ್ಲ. ಅನಿರೀಕ್ಷಿತ ಖರ್ಚು ಅಂತ ಇದೆ ಅಲ್ವಾ, ಪ್ರತಿ ಆಪ್ಷನ್‌ನಲ್ಲೂ. ಅದರಲ್ಲೇ ಬರುತ್ತೆ."

"ಅನಿರೀಕ್ಷಿತ ಅಂದ್ರ?"

"ಅಂದ್ರೆ... ಆಗುತ್ತೆ ಅಂತ ಮೊದಲೇ ಗೊತ್ತಿರಲ್ಲ."

"ನನ್ನ ಗಂಡ ಇಲ್ಲೇ ಸತ್ತಾನ," ಎಂದಳು ರಾಚವ್ವ. "ನಿಮಗ ಗೊತ್ತೈತಿ."

ಕಾಶಿನಾಥ ಅವಳ ರಟ್ಟೆ ಹಿಡಿಯಲು ಕೈ ಚಾಚಿದವನು ಹಿಡಿಯಲಿಲ್ಲ. ಜಾಳಿಗೆಯ ರಾಡಿ ರಟ್ಟೆಯ ತನಕ ಒಣಗಿತ್ತು. ಅವಳೇ ಹೊರಗೆ ಬಂದಳು. ಹಿಂದೆ ಊದುಬತ್ತಿ ಇನ್ನೊಂದು ಹಚ್ಚಿದರು.

ಮಳೆಗಾಲದ ಮುಂಚೆ ಗುಂಡಿ ತೆರವಾಗಬೇಕು. ಮೀಟಿಂಗಿನ ಮರುದಿನವೇ ಕಾಶಿನಾಥ ಸಂತುವನ್ನು ಕರೆದ. ಹೊಸ ಬೆಲ್ಟು ತಂದಿದ್ದ, ಹೊಸ ಹೆಲ್ಮೆಟ್ಟು ತಂದಿದ್ದ. ಅವು ಮೂರನೇ ಆಯ್ಕೆಯಲ್ಲಿದ್ದ ಸುರಕ್ಷತೆ. ಗ್ಯಾಸಿಗೆ ಹೆಲ್ಮೆಟ್ಟು ಏನು ಮಾಡುತ್ತದೆಂದು ಯಾರೂ ಕೇಳಲಿಲ್ಲ.

ಸಂತು ಬೆಲ್ಟು ಕಟ್ಟಿಕೊಂಡು ಬಂದಾಗ ಗುಂಡಿಯ ಕಬ್ಬಿಣದ ಮುಚ್ಚಳದ ಮೇಲೆ ತಾಯಿ ಕೂತಿದ್ದಳು. ಕಾಲು ಮಡಿಸಿ, ಜೋಳ ಹಸನು ಮಾಡಲು ಕೂತವಳ ಹಾಗೆ.

"ಮಾವಶಿ, ಊಠ್," ಎಂದ ಕಾಶಿನಾಥ. "ಟೈಮ್ ಖೋಟಿ ಮಾಡಬ್ಯಾಡ."

"ಏಳೂದಿಲ್ಲ."

"ಅವ್ವಾ," ಎಂದ ಸಂತು ಮೆಲ್ಲಗೆ. "ಖೋಲಿ ಹೋಗ್ತೈತಿ."

"ಹೋಗ್ಲಿ."

"ಉಣ್ಣೂದೇನು?"

"ನಿನ್ನ ಹೆಣಾ ಮಾರಿ ಉಣ್ಣೂದಿಲ್ಲ. ನಿಮ್ಮಪ್ಪಂದು ಒಮ್ಮೆ ಉಂಡೀವಿ. ಸಾಕು."

ಬಿಸಿಲೇರಿತು. ಕಬ್ಬಿಣ ಕಾದಿತು. ಸೀರೆ ದಾಟಿ ತೊಡೆ ಸುಡತೊಡಗಿತು. ಅವಳು ಅಲುಗಲಿಲ್ಲ. ಕಾಶಿನಾಥ ಇಬ್ಬರು ಗಾರ್ಡುಗಳನ್ನು ಕರೆದ. ಅವರು ಹತ್ತಿರ ಬಂದು ನಿಂತರು, ಎತ್ತಲಿಲ್ಲ. ಅವಳ ಮೈ ಮುಟ್ಟಲು ಅವರಿಗೆ ಹೇಸಿಗೆ. ಹುಟ್ಟಿದಾಗಿನಿಂದ ಬೆನ್ನು ಹತ್ತಿದ ಆ ಹೇಸಿಗೆಯೇ ಅವತ್ತು ಅವಳಿಗೆ ಕಾವಲು ನಿಂತಿತು. ಉಳಿದ ಕೆಲಸಗಾರರು ದೂರದಲ್ಲಿ ತಂಬಾಕು ತಿಕ್ಕುತ್ತ ನಿಂತಿದ್ದರು. ಒಬ್ಬನೂ ಬಂದು ಪಕ್ಕದಲ್ಲಿ ಕೂರಲಿಲ್ಲ.

ಕೊನೆಗೆ ಕಾಶಿನಾಥ ಪೈಪು ತಂದ. ಅಂಗಳ ತೊಳೆಯುವ ನೀರು. ಅವಳ ಮುಖಕ್ಕೆ ಬಿಟ್ಟ. ನೀರು ಬಾಯಿಗೆ, ಮೂಗಿಗೆ ನುಗ್ಗಿತು. ಸೀರೆಯ ಸೆರಗು ಜಾರಿ ನೆಲಕ್ಕೆ ಬಿತ್ತು. ಗಾರ್ಡೊಬ್ಬ ನಕ್ಕ. ರಾಚವ್ವ ಸೆರಗು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಲು ಮುಚ್ಚಳದ ಅಂಚಿನಿಂದ ಕೈ ಬಿಡಬೇಕಿತ್ತು.

"ಇನ್ನ ಬಿಡು," ಎಂದಳು. "ಹೇಲಿನ ನೀರಾಗ ಬಾಳೇವು ಮಾಡೀನಿ. ಇದೇನು ದೊಡ್ಡದಲ್ಲ."

ಆಗ ಸಂತು ಬೆಲ್ಟು ಬಿಚ್ಚಿದ. ಹೆಲ್ಮೆಟ್ಟು ತೆಗೆದು ಕಾಶಿನಾಥನ ಕಾಲ ಹತ್ತಿರ ಇಟ್ಟ. ಎಸೆಯಲಿಲ್ಲ, ಇಟ್ಟ. ಹೋಗಿ ತಾಯಿಯ ಸೆರಗು ಎತ್ತಿ ಹೆಗಲಿಗೆ ಹಾಕಿದ.

"ನಡಿ ಅವ್ವಾ. ನಾ ಇಳ್ಯಾಂಗಿಲ್ಲ."

ಅವತ್ತು ಗುಂಡಿಗೆ ಯಾರೂ ಇಳಿಯಲಿಲ್ಲ. ಅವಳು ಗೆದ್ದದ್ದು ಆ ಒಂದು ದಿನ.

ಸಂಜೆಗೆ ಖೋಲಿಗೆ ಬೀಗ ಬಿತ್ತು. ಪಾತ್ರೆ, ಹಾಸಿಗೆ, ಈರಣ್ಣನ ಫೋಟೋ ಹೊರಗೆ ರಸ್ತೆಯ ಮೇಲಿದ್ದವು. ಜೋಗೇಶ್ವರಿಯ ಪೂರ್ವಕ್ಕೆ ಊರಿನವರೊಬ್ಬರ ಚಾಳಿನಲ್ಲಿ ಅಟ್ಟದ ಮೇಲೆ ಮಲಗಲು ಜಾಗ ಸಿಕ್ಕಿತು. ರಾಚವ್ವ ಪಾಲಿಕೆಯ ಕಚೇರಿಗೆ ದೂರು ಕೊಡಲು ಹೋದಳು. ಅಲ್ಲಿಯ ಗುಮಾಸ್ತ, ಕೆಲಸಗಾರರು ಠೇಕೇದಾರನ ಕಡೆಯವರು, ಅಲ್ಲಿ ಕೇಳು ಎಂದ. ಠೇಕೇದಾರನ ಆಫೀಸಿನಲ್ಲಿ, ನಾವು ಯಾರನ್ನೂ ಇಳಿಸುವುದಿಲ್ಲ, ಇಳಿಯುವವರು ತಾವಾಗಿ ಇಳಿಯುತ್ತಾರೆ ಎಂದರು. ಅವಳು ವಿಜೇತಾಳಿಗೂ ಫೋನು ಮಾಡಿಸಿದಳು. "ಸಾರಿ ಆಂಟಿ. ನಾನು ಜೂನಿಯರ್. ನಮ್ಮ ರಿಪೋರ್ಟ್ ಸಬ್ಮಿಟ್ ಆಗಿಬಿಟ್ಟಿದೆ," ಎಂದಳು ಹುಡುಗಿ. ಅವಳ ದನಿಯಲ್ಲಿ ಅಳುವಿತ್ತು. ರಾಚವ್ವ ಫೋನು ಇಟ್ಟಳು. ಆ ಅಳುವನ್ನು ಇಟ್ಟುಕೊಂಡು ತಾನೇನು ಮಾಡಲಿ ಎನ್ನಿಸಿತು.

ಸಂತುವಿಗೆ ಕೆಲಸ ಸಿಗಲಿಲ್ಲ. ಪರೇಲಿನಲ್ಲಿ ಆಫೀಸುಗಳ ಹೌಸ್‌ಕೀಪಿಂಗಿಗೆ ಕೇಳಿದ. ಮೊದಲು ಏನು ಮಾಡುತ್ತಿದ್ದೆ ಎಂದು ಕೇಳಿದರು. ಹೇಳಿದ. ತಿಳಿಸುತ್ತೇವೆ ಎಂದರು. ಗಾರ್ಡಿನ ಕೆಲಸ ಕೇಳಿದ. ಅಲ್ಲೂ ತಿಳಿಸುತ್ತೇವೆ ಎಂದರು. ಒಂದು ದಿನ ಅವನು ಅಕ್ಕಿ, ಬೇಳೆ, ತಾಯಿಗೆ ಚಪ್ಪಲಿ ತಂದ. ಸಾಂತಾಕ್ರೂಜಿನಲ್ಲಿ ಹೋಟೆಲೊಂದರ ಕೆಲಸ ಸಿಕ್ಕಿತು ಎಂದ.

"ಏನ್ ಕೆಲಸ?"

"ಕ್ಲೀನಿಂಗು."

ಅವನು ಅಟ್ಟದ ಏಣಿ ಹತ್ತಿ ಪಕ್ಕದಲ್ಲಿ ಕೂತ. ಸ್ನಾನ ಮಾಡಿ ಬಂದಿದ್ದ. ಕೂದಲಿಗೆ ಎಣ್ಣೆ ಹಾಕಿದ್ದ. ಆದರೂ ಆ ವಾಸನೆ ರಾಚವ್ವನಿಗೆ ಗೊತ್ತು. ಹೋಟೆಲಿನ ಹಿಂದೆಯೂ ಮನುಷ್ಯ ಇಳಿಯುವ ಗಟಾರದ ಚೇಂಬರುಗಳಿರುತ್ತವೆ. ಅವನು ತಾಯಿಯ ಮುಖ ನೋಡಲಿಲ್ಲ. ಅಕ್ಕಿ ಬೇಯಿಸಿದಳು. ಇಬ್ಬರೂ ಉಂಡರು.

ಮಗನಿಗೆ ಹೇಳಲಾಗದ್ದನ್ನು ಇನ್ನಾರಿಗಾದರೂ ಹೇಳಬೇಕಿತ್ತು. ಮರುದಿನ ಅವಳು ಪ್ಲಾಂಟಿನ ಗೇಟಿಗೆ ಹೋದಳು. ಗೋಡೆಗೆ ಹೊಸ ಸುಣ್ಣ ಬಳಿಯುತ್ತಿದ್ದರು. ಅವಳಿದ್ದ ಖೋಲಿಯ ಕಡೆಯಿಂದ ಒಬ್ಬ ಹರೆಯದ ಹೆಂಗಸು ಕೊಡ ಹಿಡಿದು ಗೇಟಿನ ಹೊರಗಿನ ನಲ್ಲಿಗೆ ಬಂದಳು. ಹಣೆಯ ಕುಂಕುಮ, ಉಟ್ಟ ಇಳಕಲ್ ಸೀರೆ ನೋಡಿಯೇ ರಾಚವ್ವನಿಗೆ ತನ್ನ ಕಡೆಯವಳೆಂದು ತಿಳಿಯಿತು.

"ಯಾವೂರವ್ವಾ?"

"ಸಿಂದಗಿ ಕಡೆಯವ್ರೀ." ಹೆಂಗಸಿನ ಮುಖ ಅರಳಿತು. "ಶೀಲಾವತಿ ಅಂತ. ನಮ್ಮ ಮನೆಯವ್ರು ಸೋಮನಾಥ. ಹೊಸದಾಗಿ ಬಂದೀವಿ."

"ನಿನ್ನ ಗಂಡನ್ನ ಆ ಗುಂಡಿಗಿ ಕಳಿಸಬ್ಯಾಡ. ನನ್ನ ಗಂಡ ಅಲ್ಲೇ ಹೋದ. ಕೈ ಮುಗೀತೀನಿ, ಊರಿಗೆ ಹೋಗ್ರಿ."

ಶೀಲಾವತಿ ಕೊಡ ನಲ್ಲಿಯ ಕೆಳಗಿಟ್ಟು ನೀರು ಬಿಟ್ಟಳು.

"ಮುಚ್ಚಳದ ಮ್ಯಾಲ ಕುಂತಾಕಿ ನೀವಽ ಏನ್ರಿ?"

"ಹೂಂ."

"ನೀವು ಬಿಟ್ರಿ ಅಂತ ಇದು ನಮಗ ಸಿಕ್ಕೈತಿ, ಯವ್ವಾ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಊರಾಗ ಏನೈತಿ ಅಂತ ಹೋಗೂಣು? ಇಲ್ಲೆರೆ ನಮ್ಮನ್ನ ಬದುಕಾಕ ಬಿಡ್ರಿ."

ಒಳಗೆ ಪಂಪಿನ ಸದ್ದು ನಿಂತಿತು. ಆ ಸದ್ದು ನಿಂತಿತೆಂದರೆ ಮನುಷ್ಯ ಇಳಿಯುತ್ತಿದ್ದಾನೆಂದು ಅರ್ಥ. ಶೀಲಾವತಿಗೂ ಅದು ಆಗಲೇ ಗೊತ್ತಾಗಿತ್ತು. ತುಂಬದ ಕೊಡ ಅಲ್ಲೇ ಬಿಟ್ಟು ಒಳಗೆ ಓಡಿದಳು.

ರಾಚವ್ವ ಗೇಟಿನ ಸರಳು ಹಿಡಿದು ನಿಂತಳು. ನಲ್ಲಿಯ ನೀರು ಕೊಡ ತುಂಬಿ ನೆಲಕ್ಕೆ ಹರಿಯಿತು. ಗಾರ್ಡು ಬಂದು ಲಾಠಿಯ ತುದಿಯಿಂದ ಅವಳ ಬೆರಳು ಸರಿಸಿದ. "ಚಲ್, ಆಗೇ ಬಢ್." ಅವಳು ರಸ್ತೆ ದಾಟಿ ಆಚೆ ಬದಿಗೆ ಹೋಗಿ ನಿಂತಳು. ಅವನು ಅಲ್ಲಿಗೂ ಬಂದ. ಅಲ್ಲಿಂದ ಅವಳು ಬಸ್ ಸ್ಟಾಪಿನ ತನಕ ಹಿಂದೆ ಸರಿದಳು. ಒಳಗಿನಿಂದ ಯಾರೂ ಕೂಗಲಿಲ್ಲ. ಕೂಗು ಕೇಳದಿದ್ದರೆ ಅದು ಒಳ್ಳೆಯದೋ ಕೆಟ್ಟದ್ದೋ, ಆ ಕೆಲಸದಲ್ಲಿ ಹೊರಗಿದ್ದವರಿಗೆ ತಿಳಿಯುವುದಿಲ್ಲ.